ಮನೆಯಂಗಳದ ಕುಲುಮೆ

ಮುಂಗಾರು ಕಾಲೂರುವ ಮೊದಲು ಕನಕಪುರದ ಸುತ್ತಿನ ಹಳ್ಳಿಗಳ ರೈತನಿಗೆ ಎರಡು ಚಿಂತೆಗಳಿರುತ್ತಿದ್ದುವು. ಒಂದು, ಮಳೆ ಬಂದೀತೇ ಎಂಬುದು; ಇನ್ನೊಂದು, ಬಂದರೆ ಕುಳ ಸಿದ್ಧವಿದೆಯೇ ಎಂಬುದು. ಮೊದಲನೆಯದು ದೈವಾಧೀನ, ಎರಡನೆಯದು ಕುಲುಮೆಯ ಅಧೀನ. ಊರಿನಲ್ಲೇ ಕುಲುಮೆಯಿದ್ದರೆ ರಾತ್ರಿ ಮಳೆ ಬಿದ್ದು ಬೆಳಗಾಗುವಷ್ಟರಲ್ಲಿ ಕುಳ ತಟ್ಟಿಸಿಕೊಂಡು ಹೊಲಕ್ಕಿಳಿಯಬಹುದು. ಇಲ್ಲದಿದ್ದರೆ ಪಕ್ಕದೂರಿಗೆ ನಡೆಯಬೇಕು. ಅಲ್ಲಿಯವರ ಕೆಲಸ ಮುಗಿದು ತನ್ನ ಸರದಿ ಬರುವ ಹೊತ್ತಿಗೆ ಭೂಮಿಯ ಹದ ಆರಿಹೋಗಿರುತ್ತದೆ. ಪಕ್ಕದೂರಿನ ಕಮ್ಮಾರ ಕೆಟ್ಟವನೆಂದಲ್ಲ. ಕುಲುಮೆ ಅವನದು, ಸರದಿಯ ಲೆಕ್ಕವೂ ಅವನದು.

ಈ ಹಳೆಯ ಮಾತು ಈಗೇಕೆಂದು ವಾಚಕರು ಕೇಳಬಹುದು. ಕಂಪ್ಯೂಟರಿನ ತಂತ್ರಾಂಶ ಬರೆಯುವವರು, ತಾವು ಬರೆದುದನ್ನು ಕೂಡಿಸಿಟ್ಟು ಹತ್ತು ಜನ ಸೇರಿ ತಿದ್ದುವ ತಾಣವನ್ನು ‘ಫೋರ್ಜ್’ ಎಂದು ಕರೆಯುತ್ತಾರೆ. ಕುಲುಮೆಯೆಂದೇ ಆ ಇಂಗ್ಲಿಷ್ ಪದದ ಅರ್ಥ. ನಿಮ್ಮ ಮನೆಯ ಮಗನೋ ಸೊಸೆಯೋ ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುತ್ತಿದ್ದರೆ, ಊಟದ ಎಲೆಯ ಮುಂದೆ ಕುಳಿತೂ ‘ಗಿಟ್‌ಹಬ್’, ‘ಗಿಟ್‌ಲ್ಯಾಬ್’ ಎಂಬ ಹೆಸರುಗಳನ್ನು ಜಪಿಸುವುದನ್ನು ನೀವು ಕೇಳಿರುತ್ತೀರಿ. ಅವೇ ಆ ಕುಲುಮೆಗಳು. ಅಂಥದೊಂದನ್ನು ಕನಕಪುರದ ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ, ಕೆಲಸಕ್ಕೆ ಬಾರದೆಂದು ಮೂಲೆಗೆ ಸರಿಸಿದ್ದ ಕಂಪ್ಯೂಟರೊಂದರ ಮೇಲೆ, ನಾವು ಹೂಡಿಕೊಂಡ ಬಗೆಯೇ ಈ ವಾರದ ವಿಷಯ.

‘ಕನ್ನಡ ಮೇಷ್ಟ್ರಿಗೇಕಪ್ಪಾ ಈ ಉಸಾಬರಿ?’ ಎಂದು ನಮ್ಮ ಗಣಿತ ವಿಭಾಗದ ಹಿರಿಯರೊಬ್ಬರು ಕೇಳಿಯೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ನನ್ನ ಮಟ್ಟಿಗೆ ಈ ವಿದ್ಯೆ ಗಣಿತಕ್ಕಿಂತ ಕನ್ನಡಕ್ಕೇ ಹತ್ತಿರದ ನಂಟು.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಹೊರಬಂದದ್ದು ೧೯೬೪ರಲ್ಲಿ. ಓಲೆಗರಿಯ ಪ್ರತಿಗಳನ್ನು ಮುಂದೆ ಹರಡಿಕೊಂಡು ಕವಿಯ ನಿಜವಾದ ಮಾತು ಯಾವುದೆಂದು ಹುಡುಕುವವನ ಪಾಡನ್ನು ಕನ್ನಡ ಎಂ.ಎ. ಮಾಡಿದವರೆಲ್ಲ ಬಲ್ಲರು. ಒಂದು ಪ್ರತಿಯಲ್ಲಿ ಒಂದು ಪಾಠ, ಇನ್ನೊಂದರಲ್ಲಿ ಇನ್ನೊಂದು. ಲಿಪಿಕಾರನೊಬ್ಬ ನಿದ್ದೆಗಣ್ಣಿನಲ್ಲಿ ಒಂದು ಸಾಲು ಬಿಟ್ಟ. ಮತ್ತೊಬ್ಬ ಪಂಡಿತಮ್ಮನ್ಯ, ಕವಿಯದೇ ತಪ್ಪೆಂದು ಬಗೆದು ಪದವನ್ನೇ ಬದಲಿಸಿದ. ತಿದ್ದಿದ್ದು ದೊಡ್ಡ ಅಪರಾಧವಲ್ಲ. ಯಾರು, ಯಾವಾಗ, ಏಕೆ ತಿದ್ದಿದರೆಂಬುದನ್ನು ಬರೆದಿಡದೆ ಹೋದದ್ದೇ ತೊಂದರೆ. ‘ಗಿಟ್’ ಎಂಬ ತಂತ್ರಾಂಶ ಮಾಡುವುದು ಆ ಕೆಲಸವನ್ನೇ. ಒಂದು ಬರಹದಲ್ಲಿ ಯಾರೇ ಬದಲಾವಣೆ ಮಾಡಿ ಒಪ್ಪಿಸಲಿ, ಅವರ ಹೆಸರು, ದಿನ, ಗಳಿಗೆ, ಕಾರಣವಾಗಿ ಬರೆದ ಒಂದು ಸಾಲು — ಇಷ್ಟನ್ನೂ ಸೇರಿಸಿ ದಾಖಲೆ ಮಾಡುತ್ತದೆ. ಇಂಥ ಒಂದೊಂದು ಒಪ್ಪಿಗೆಗೂ ‘ಕಮಿಟ್’ ಎಂದು ಹೆಸರು. ಪ್ರತಿ ಕಮಿಟ್ಟಿಗೂ ೪೦ ಅಕ್ಷರಾಂಕಗಳ ಒಂದು ಗುರುತು ಬೀಳುತ್ತದೆ. ಆ ಗುರುತು ಮನಬಂದಂತೆ ಕೊಟ್ಟದ್ದಲ್ಲ. ಒಳಗಿನ ಬರಹದಿಂದಲೂ ಹಿಂದಿನ ಕಮಿಟ್ಟಿನ ಗುರುತಿನಿಂದಲೂ ಲೆಕ್ಕ ಹಾಕಿ ತೆಗೆದದ್ದು. ಹಳೆಯ ಪಾಠದಲ್ಲಿ ಒಂದು ಕೊಂಬು, ಒಂದು ದೀರ್ಘ ಬದಲಾದರೂ ಗುರುತು ಬದಲಾಗುತ್ತದೆ. ಅದರ ಮೇಲೆ ಕಟ್ಟಿದ ಎಲ್ಲ ಗುರುತುಗಳೂ ಬದಲಾಗುತ್ತವೆ. ಕಳ್ಳತನದಲ್ಲಿ ಇತಿಹಾಸ ತಿದ್ದುವುದು ಅಲ್ಲಿ ಸುಲಭವಲ್ಲ. ಹಿಂದಿನ ಸಂಪಾದಕರಿಗೆ ಇದು ದೊರೆತಿದ್ದರೆ ಅವರ ಅರ್ಧ ಆಯುಸ್ಸು ಉಳಿಯುತ್ತಿತ್ತು; ಅರ್ಧ ಆನಂದವೂ ಹೋಗುತ್ತಿತ್ತೆಂದು ನನ್ನ ಗುಮಾನಿ.

ಈ ಗಿಟ್ ಹುಟ್ಟಿದ್ದೂ ಪರರ ಕುಲುಮೆಯ ಬಾಗಿಲು ಮುಚ್ಚಿದ್ದರಿಂದಲೇ. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಬರೆದು ಎಲ್ಲರ ಮುಂದಿಟ್ಟನು. ಸಾವಿರಾರು ಜನ ಅದನ್ನು ಬೆಳೆಸಿದರು. ೨೦೦೨ರಿಂದ ಅವರೆಲ್ಲರ ತಿದ್ದುಪಡಿಗಳನ್ನು ಕಾಯ್ದಿಡಲು ‘ಬಿಟ್‌ಕೀಪರ್’ ಎಂಬ ಖಾಸಗಿ ಕಂಪನಿಯ ತಂತ್ರಾಂಶ ಬಳಕೆಯಲ್ಲಿತ್ತು. ಕಂಪನಿ ಅದನ್ನು ಪುಕ್ಕಟೆಯಾಗಿ ಕೊಟ್ಟಿತ್ತು. ೨೦೦೫ರಲ್ಲಿ ಮನಸ್ತಾಪ ಹುಟ್ಟಿ ಆ ಪುಕ್ಕಟೆ ಸೌಕರ್ಯ ನಿಂತಿತು. ಟೋರ್ವಾಲ್ಡ್ಸ್ ಏಪ್ರಿಲ್ ೩ರಂದು ತನ್ನದೇ ಸಾಧನವನ್ನು ಬರೆಯತೊಡಗಿದನು. ೭ರ ಹೊತ್ತಿಗೆ ಗಿಟ್ ತನ್ನ ಇತಿಹಾಸವನ್ನು ತಾನೇ ಇಟ್ಟುಕೊಳ್ಳುವಷ್ಟಾಯಿತು. ನಾಲ್ಕೇ ದಿನ! ನಮ್ಮಲ್ಲಿ ಒಂದು ಸುತ್ತೋಲೆ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಇನ್ನು ನಮ್ಮ ಕಥೆ. ಕನಕಪುರ ರೇಷ್ಮೆಯ ಸೀಮೆ. ಬೆಂಗಳೂರಿನ ಮೆಟ್ರೋ ರೈಲು ಕನಕಪುರ ರಸ್ತೆಯಲ್ಲಿ ೨೦೨೧ರಲ್ಲಿ ಬಂದು ನಿಂತ ಕೊನೆಯ ನಿಲ್ದಾಣಕ್ಕೂ ರೇಷ್ಮೆ ಸಂಸ್ಥೆಯ ಹೆಸರೇ. ಹಿಪ್ಪುನೇರಳೆ ಬೆಳೆಯುವ, ಹುಳು ಸಾಕುವ ಮನೆಗಳಲ್ಲಿ ಒಂದು ಪದಸಂಪತ್ತು ಉಂಟು. ಅದು ಯಾವ ನಿಘಂಟಿನಲ್ಲಿಯೂ ಪೂರ್ತಿಯಾಗಿ ಬಂದಿಲ್ಲ. ಚಾಕಿ, ಚಂದ್ರಿಕೆ, ಹಣ್ಣಾಗುವುದು, ಗೂಡು ಬಿಡಿಸುವುದು; ಒಂದೊಂದಕ್ಕೂ ಒಂದು ಲೋಕ. ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಂತೆ, ಸಾಮಾನಿನ ಜೊತೆಗೆ ಮಾತೂ ಅಟ್ಟ ಸೇರುತ್ತಿದೆ. ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿ, ಹಾರೋಹಳ್ಳಿ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳು ತಮ್ಮ ಅಜ್ಜಿಯರ ಬಾಯಿಂದಲೇ ಈ ಪದಗಳನ್ನು ಕೇಳಿ ಬರೆದು ತರಬೇಕೆಂದು ಕೆಲವು ವರ್ಷಗಳ ಹಿಂದೆ ಗೊತ್ತುಮಾಡಿದೆವು. ಪಟ್ಟಿ ಬೆಳೆಯಿತು. ಮೂರು ಕಂಪ್ಯೂಟರುಗಳಲ್ಲಿ ಮೂರು ಪ್ರತಿಗಳೂ ಬೆಳೆದುವು.

ಆ ಪ್ರತಿಗಳಲ್ಲಿ ‘ಜ್ವರ’ ಎಂಬ ಪದವೊಂದಿತ್ತು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಬಾರಿ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು, ಅಲುಗಾಡದೆ ಇರುತ್ತದೆ. ಸಾಕುವವರು ಅದಕ್ಕೆ ‘ಜ್ವರ’ ಎನ್ನುತ್ತಾರೆ: ಒಂದನೆಯ ಜ್ವರ, ಎರಡನೆಯ ಜ್ವರ, ಹೀಗೆ. ಅದು ರೋಗವಲ್ಲ, ಬೆಳವಣಿಗೆಯ ಮೆಟ್ಟಿಲು. ಹುಳುವಿನ ಮನೆ ಕಂಡರಿಯದ ಯಾವನೋ ಒಬ್ಬ ವಿದ್ಯಾರ್ಥಿ ಒಂದು ಪ್ರತಿಯಲ್ಲಿ ಅದರ ಅರ್ಥವನ್ನು ‘ಹುಳುವಿಗೆ ತಗಲುವ ಕಾಯಿಲೆ’ ಎಂದು ತಿದ್ದಿಬಿಟ್ಟಿದ್ದನು. ಇನ್ನೊಂದು ಪ್ರತಿಯಲ್ಲಿ ಸರಿಯಾದ ಅರ್ಥವಿತ್ತು. ಮೂರನೆಯದರಲ್ಲಿ ಆ ಪದವೇ ಇರಲಿಲ್ಲ. ಹೀಗೆ ಸಾವಿರ ವರ್ಷಗಳ ಪಾಠಾಂತರದ ಕಥೆ ನಮ್ಮ ಕಣ್ಣೆದುರಿಗೆ ಮೂರೇ ವರ್ಷಗಳಲ್ಲಿ ನಡೆದುಹೋಯಿತು. ಆ ಅರ್ಥ ಹೇಳಿಕೊಟ್ಟಿದ್ದ ಮುದುಕಿ ಈಗಿಲ್ಲ. ಅವಳ ಮಾತನ್ನು ಯಾರು ಬರೆದುಕೊಂಡರು, ಯಾರು ಅಳಿಸಿದರು ಎಂದು ಕೇಳಲು ಯಾವ ದಾಖಲೆಯೂ ಇಲ್ಲ.

ಪಟ್ಟಿಯ ಜೊತೆಗೆ ಇನ್ನೊಂದು ಸರಕೂ ಇತ್ತು. ನಮ್ಮ ವಿಭಾಗದ ಹಳೆಯ ಬರಹಗಳೆಲ್ಲ ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದವು. ಕನ್ನಡ ಲಿಪಿ ಯೂನಿಕೋಡಿನಲ್ಲಿ ೧೯೯೧ರಿಂದಲೇ ಉಂಟಾದರೂ ನಮ್ಮ ಮೇಜಿನ ಮೇಲೆ ಅದು ಬಂದದ್ದು ಬಹಳ ತಡವಾಗಿ. ಹಳೆಯ ವಿಧಾನದಲ್ಲಿ ಅಕ್ಷರದ ಚೂರುಗಳನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಜೋಡಿಸುತ್ತಿದ್ದರು. ಅರ್ಕಾವತ್ತು ಬರೆಯುವಲ್ಲಿ ಕೊನೆಗೆ ಬರುತ್ತದಷ್ಟೆ, ಅದನ್ನು ಕೊನೆಗೇ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮವಾದ್ದರಿಂದ ರಕಾರ ಮೊದಲು ಬರಬೇಕು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಪುಟ್ಟ ತಂತ್ರಾಂಶವನ್ನು ನಮ್ಮ ಹುಡುಗರು ಬರೆದಿದ್ದರು. ಮೊದಲ ದಿನ ಅದು ನಮ್ಮ ಊರ ಹೊಳೆಯನ್ನೇ ಕೆಡಿಸಿತು. ‘ಅರ್ಕಾವತಿ’ಯ ಅರ್ಕಾವತ್ತು ಕಕಾರದಿಂದ ಜಾರಿ ವಕಾರದ ನೆತ್ತಿಗೇರಿತು! ಆಮೇಲೆ ತಿದ್ದಿದರು. ಹೇಗೆ ತಿದ್ದಿದರೆಂಬುದೇ ಮುಖ್ಯವಾದ ವಿಷಯ; ಮುಂದೆ ಇನ್ನೊಂದು ಅಕ್ಷರಶೈಲಿಗೆ ಅದನ್ನು ಹೊಂದಿಸುವವರಿಗೆ ಅದೇ ದಾರಿದೀಪ.

ಇವೆರಡನ್ನೂ ಹುಡುಗರು ವಿದೇಶದ ದೊಡ್ಡ ಕುಲುಮೆಯೊಂದರಲ್ಲಿ ಇಟ್ಟಿದ್ದರು. ಖಾತೆಯಿದ್ದುದು ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ. ಅವನು ಪಾಸಾಗಿ ಕೆಲಸಕ್ಕೆ ಹೋದ. ಫೋನಿನ ಸಂಖ್ಯೆ ಬದಲಾಯಿತು. ಒಳಹೋಗಲು ಬೇಕಾದ ಗುಪ್ತಾಂಕ ಹಳೆಯ ಸಂಖ್ಯೆಗೇ ಹೋಗುತ್ತಿತ್ತು. ಖಾತೆ ತೆರೆಯಲಿಲ್ಲ. ನಮ್ಮ ಪದಗಳು ಅಲ್ಲಿ ಕ್ಷೇಮವಾಗಿಯೇ ಇದ್ದುವು, ನೋಡಲೂ ಸಿಗುತ್ತಿದ್ದುವು; ಆದರೆ ಒಂದಕ್ಷರ ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೂಡಿನಂತೆ.

ದೊಡ್ಡ ಕುಲುಮೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ೨೦೦೮ರಲ್ಲಿ ಆರಂಭವಾದ ಗಿಟ್‌ಹಬ್ ಜಗತ್ತಿನ ತಂತ್ರಾಂಶ ಬರಹಗಾರರನ್ನು ಒಂದೇ ಅಂಗಳಕ್ಕೆ ಕರೆತಂದಿತು. ಹಳ್ಳಿಯ ಹುಡುಗನ ಬರಹವನ್ನು ಅಮೆರಿಕೆಯವನು ನೋಡಿ ತಿದ್ದುವ ಹಾಗಾದದ್ದು ಸಣ್ಣ ಮಾತಲ್ಲ. ೨೦೧೮ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ೭೫೦ ಕೋಟಿ ಡಾಲರಿಗೆ ಕೊಂಡಿತು. ಆದರೂ ಕೆಲವು ಸಂಗತಿಗಳನ್ನು ನೆನಪಿಡುವುದು ಒಳ್ಳೆಯದು. ೨೦೧೪ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ೩೨ ಜಾಲತಾಣಗಳನ್ನು ತಡೆಯುವಂತೆ ಆಜ್ಞೆ ಮಾಡಿತು. ಭಯೋತ್ಪಾದಕರ ಬರಹಗಳು ಹರಿದಾಡುತ್ತಿವೆಯೆಂಬುದು ಕಾರಣ. ಆ ಪಟ್ಟಿಯಲ್ಲಿ ಗಿಟ್‌ಹಬ್ ಕೂಡ ಇತ್ತು! ಅದರ ತಡೆ ಬಹುಬೇಗ ತೆರವಾಯಿತೆನ್ನಿ. ೨೦೧೯ರ ಜುಲೈನಲ್ಲಿ ಅಮೆರಿಕೆಯ ನಿರ್ಬಂಧಗಳ ಕಾರಣದಿಂದ ಇರಾನ್, ಸಿರಿಯಾ, ಕ್ರಿಮಿಯಾಗಳಲ್ಲಿದ್ದವರ ಖಾತೆಗಳಿಗೆ ಕತ್ತರಿ ಬಿತ್ತು. ಇರಾನಿನವರಿಗೆ ಪೂರ್ಣ ಸೌಕರ್ಯ ಮರಳಿದ್ದು ೨೦೨೧ರಲ್ಲಿ. ಗೂಗಲ್ ಕಂಪನಿಯೂ ‘ಗೂಗಲ್ ಕೋಡ್’ ಎಂಬ ಕುಲುಮೆಯನ್ನು ೨೦೦೬ರಲ್ಲಿ ತೆರೆದು ೨೦೧೬ರ ಜನವರಿಯಲ್ಲಿ ಮುಚ್ಚಿತು. ಇವುಗಳಲ್ಲಿ ಯಾವುದರಲ್ಲಿಯೂ ಕನಕಪುರದ ಅಜ್ಜಿಯರ ತಪ್ಪಿರಲಿಲ್ಲ. ಭಾರತ ಸರ್ಕಾರವೇ ೨೦೧೫ರಲ್ಲಿ, ಸರ್ಕಾರಿ ತಂತ್ರಾಂಶಗಳ ಮೂಲಬರಹವನ್ನು ತೆರೆದಿಟ್ಟು ಸಹಕಾರದಿಂದ ಬೆಳೆಸುವ ಒಂದು ನೀತಿಯನ್ನು ಹೊರಡಿಸಿ, ಆಮೇಲೆ ‘ಓಪನ್‌ಫೋರ್ಜ್’ ಎಂಬ ಹೆಸರಿನಲ್ಲಿ ತನ್ನ ಕುಲುಮೆಯನ್ನು ತಾನೇ ಹೂಡಿಕೊಂಡಿತು. ಸರ್ಕಾರಕ್ಕೆ ಬೇಕಾದದ್ದು ನಮಗೆ ಬೇಡವೇ?

ಹೂಡುವುದಾದರೆ ಯಾವುದನ್ನು? ಇಲ್ಲಿ ಒಂದು ಸೊಗಸಾದ ಕಥೆಯಿದೆ. ೨೦೧೧ರಲ್ಲಿ ಉಕ್ರೇನಿನ ದ್ಮಿತ್ರೋ ಜಪರೋಝೆತ್ಸ್ ಎಂಬ ತರುಣ ವಾಸವಾಗಿದ್ದ ಮನೆಯಲ್ಲಿ ನಲ್ಲಿಯಿರಲಿಲ್ಲ. ದಿನವೂ ಊರ ಬಾವಿಗೆ ಹೋಗಿ ನೀರು ಹೊತ್ತು ತರಬೇಕು. ಅವನಿಗೆ ನಲ್ಲಿಯಿಲ್ಲದ್ದಕ್ಕಿಂತ, ಜೊತೆಗಾರರೊಡನೆ ಸೇರಿ ತಂತ್ರಾಂಶ ಬರೆಯಲು ಒಳ್ಳೆಯ ಸಾಧನವಿಲ್ಲದ್ದೇ ದೊಡ್ಡ ಕೊರತೆಯೆನ್ನಿಸಿತಂತೆ. ಹಾಗೆ ಹುಟ್ಟಿದ್ದು ‘ಗಿಟ್‌ಲ್ಯಾಬ್’. (ಅವನ ಮನೆಯ ಹೆಂಗಸರ ಅಭಿಪ್ರಾಯವನ್ನು ಯಾರೂ ಬರೆದಿಟ್ಟಂತಿಲ್ಲ.) ಗಿಟ್‌ಲ್ಯಾಬ್ ಸಮರ್ಥವಾದುದು, ಆದರೆ ಹೊಟ್ಟೆಬಾಕ. ನಾಲ್ಕು ಗಿಗಾಬೈಟಿಗಿಂತ ಕಡಿಮೆ ಸ್ಮರಣೆಯಿರುವ ಯಂತ್ರದಲ್ಲಿ ಅದಕ್ಕೆ ಉಸಿರಾಡಲಾಗದು. ಸುಖವಾಗಿರಬೇಕಾದರೆ ಅದರ ಎರಡರಷ್ಟು ಬೇಕು. ನಮ್ಮ ಮೂಲೆಯ ಕಂಪ್ಯೂಟರಿನಲ್ಲಿದ್ದುದು ಎಲ್ಲ ಸೇರಿ ಎರಡು.

ಇನ್ನೊಂದು ವಂಶವುಂಟು, ಅದರದು ಅವಿಭಕ್ತ ಕುಟುಂಬದ ಪಾಲುಪಾರೀಕತ್ತಿನ ಕಥೆ. ‘ಗಾಗ್ಸ್’ ಎಂಬುದು ೨೦೧೪ರಲ್ಲಿ ಹುಟ್ಟಿತು, ಚಿಕ್ಕದು, ಚುರುಕಾದುದು. ಆದರೆ ಯಜಮಾನಿಕೆ ಒಬ್ಬನ ಕೈಯಲ್ಲೇ ಉಳಿಯಿತೆಂದು ಬೇಸತ್ತ ಸಹಾಯಕರು ೨೦೧೬ರಲ್ಲಿ ಬೇರೆಯಾಗಿ ‘ಗಿಟಿ’ ಎಂಬುದನ್ನು ಹೂಡಿದರು. ೨೦೨೨ರಲ್ಲಿ ಗಿಟಿಯ ಹೆಸರು ಒಂದು ಕಂಪನಿಯ ಕೈಗೆ ಹೋಯಿತು. ಒಪ್ಪದವರು ಮತ್ತೆ ಬೇರೆಯಾಗಿ ಅದೇ ವರ್ಷದ ಕೊನೆಯಲ್ಲಿ ‘ಫೋರ್ಜೇಯೋ’ ಎಂಬ ಮನೆ ಕಟ್ಟಿದರು. ಎಸ್ಪೆರಾಂಟೊ ಭಾಷೆಯಲ್ಲಿ ಆ ಮಾತಿಗೆ ಕುಲುಮೆಯೆಂದೇ ಅರ್ಥ. ಅದಕ್ಕೆ ಆಸರೆಯಾಗಿ ನಿಂತದ್ದು ಬರ್ಲಿನ್ ನಗರದಲ್ಲಿ ೨೦೧೮ರಲ್ಲಿ ನೋಂದಣಿಯಾದ, ಲಾಭದ ಉದ್ದೇಶವಿಲ್ಲದ ‘ಕೋಡ್‌ಬರ್ಗ್’ ಎಂಬ ಸಂಘ. ಮೂಲಬರಹ ಮುಕ್ತವಾಗಿದ್ದರಿಂದಲೇ ಪ್ರತಿ ಬಾರಿಯೂ ಪಾಲು ಸಾಧ್ಯವಾಯಿತು, ಯಾರೂ ಬರಿಗೈಯಲ್ಲಿ ಹೊರಡಲಿಲ್ಲ. ನಮ್ಮೂರ ಜಮೀನಿನ ಪಾಲಿಗೂ ಇಂಥದೊಂದು ಉಪಾಯವಿದ್ದಿದ್ದರೆ ಎಷ್ಟೋ ಅಣ್ಣತಮ್ಮಂದಿರು ಮಾತು ಬಿಡುತ್ತಿರಲಿಲ್ಲ. ನಾವು ಆರಿಸಿದ್ದು ಫೋರ್ಜೇಯೋವನ್ನು.

ಕೆಲಸ ಹಿಡಿದವನು ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ, ಕೋಡಿಹಳ್ಳಿಯ ಕಡೆಯವನು. ಮೊದಲು ಕಂಪ್ಯೂಟರಿಗೆ ಹೊಸ ಡಿಸ್ಕು ಹಾಕಿಸಿ ‘ಡೆಬಿಯನ್’ ಎಂಬ ಲಿನಕ್ಸನ್ನು ಇಳಿಸಿದನು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಇದನ್ನು ಆರಂಭಿಸಿದಾಗ ತನ್ನ ಪ್ರೇಯಸಿ ಡೆಬ್ರಾಳ ಹೆಸರನ್ನು ಮೊದಲಿಟ್ಟು ತನ್ನದನ್ನು ಬಾಲಕ್ಕೆ ಸೇರಿಸಿದನು. ಡೆಬಿಯನ್ನಿನ ಸಾರ್ವಜನಿಕ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರಶೈಲಿಗಳು ಇವೆ. ಒಂದು ಸಾಲು ಅಪ್ಪಣೆ ಕೊಟ್ಟರೆ ಬಂದು ಕೂರುತ್ತವೆ. ಬರ್ಲಿನ್ನಿನ ಕುಲುಮೆಯ ಮೇಲೆ ನಮ್ಮ ಗುಬ್ಬಿ ಕೂತದ್ದು ಕಂಡು ನನಗೆ ಮಕ್ಕಳಂತೆ ಸಂತೋಷವಾಯಿತು.

ಫೋರ್ಜೇಯೋ ಒಂದೇ ಒಂದು ಕಡತ. ಇಳಿಸಿಕೊಳ್ಳಹೋದರೆ ಯಂತ್ರ ಮೊಂಡು ಹಿಡಿಯಿತು: ಆ ತಾಣದ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದಿತು. ನೋಡಿದರೆ ಒಳಗಿನ ಗಡಿಯಾರದ ಬ್ಯಾಟರಿ ಸತ್ತು, ಕಂಪ್ಯೂಟರು ಇನ್ನೂ ೨೦೦೯ನೆಯ ಇಸವಿಯಲ್ಲಿಯೇ ವಾಸವಾಗಿತ್ತು! ಕಾಲವನ್ನು ದಾಖಲಿಸುವುದೇ ಕಸುಬಾದ ಯಂತ್ರಕ್ಕೆ ಕಾಲಜ್ಞಾನವಿಲ್ಲದಿದ್ದರೆ ಹೇಗೆ? ಪೇಟೆಯ ಗಡಿಯಾರದಂಗಡಿಯಿಂದ ನಾಣ್ಯದಾಕಾರದ ಬ್ಯಾಟರಿ ತಂದು ಹಾಕಿ, ಅಂತರ್ಜಾಲದಿಂದ ಹೊತ್ತು ಕೇಳಿ ತಿಳಿಯುವ ಏರ್ಪಾಡು ಮಾಡಿದ ಮೇಲೆ ಕಡತ ಇಳಿಯಿತು. ಇಳಿದದ್ದು ಅಸಲಿಯೇ ಎಂದು ಅದರ ಜೊತೆಗೆ ಬರುವ ಗೂಢಲಿಪಿಯ ರುಜುವನ್ನು ತಾಳೆ ನೋಡಿದನು. ಎಷ್ಟೋ ಜನ ಈ ಹೆಜ್ಜೆಯನ್ನು ಬಿಡುತ್ತಾರೆಂದು ಕೇಳಿದ್ದೇನೆ. ದಸ್ತಾವೇಜಿನ ರುಜು ನೋಡದೆ ನಿವೇಶನ ಕೊಳ್ಳುವವರೂ ನಮ್ಮಲ್ಲಿದ್ದಾರಷ್ಟೆ.

ಆಮೇಲಿನ ಹೆಜ್ಜೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಧಿಕಾರದ ಹಂಚಿಕೆ. ಲಿನಕ್ಸಿನಲ್ಲಿ ‘ರೂಟ್’ ಎಂಬವನು ಸರ್ವಾಧಿಕಾರಿ. ಅವನು ಏನನ್ನಾದರೂ ಅಳಿಸಬಲ್ಲ. ಆದ್ದರಿಂದ ಕುಲುಮೆಯನ್ನು ಅವನ ಕೈಗೆ ಕೊಡಕೂಡದು. ‘ಗಿಟ್’ ಎಂಬ ಹೆಸರಿನ ಒಬ್ಬ ಆಳನ್ನು ಸೃಷ್ಟಿಸಬೇಕು. ಅವನಿಗೆ ಗುಪ್ತಪದವೇ ಇರಬಾರದು, ಹಾಗಾಗಿ ಅವನ ಹೆಸರಿನಲ್ಲಿ ಯಾರೂ ಗುಪ್ತಪದ ಊಹಿಸಿ ಒಳಬರಲಾರರು. ಭಂಡಾರವಿರುವ ಕೋಶಕ್ಕೆ ಅವನೇ ಒಡೆಯ. ನಿಯಮಗಳಿರುವ ಕೋಶಕ್ಕೆ ಮಾತ್ರ ರೂಟನೇ ಒಡೆಯ. ಸ್ಥಾಪನೆಯ ದಿನದ ಮಟ್ಟಿಗೆ ಆಳಿಗೆ ಅಲ್ಲಿ ಬರೆಯುವ ಅಪ್ಪಣೆ, ಸ್ಥಾಪನೆ ಮುಗಿದೊಡನೆ ಓದುವ ಅಪ್ಪಣೆಯಷ್ಟೆ. ತಾನು ಪಾಲಿಸಬೇಕಾದ ಕಟ್ಟಳೆಯನ್ನು ತಾನೇ ತಿದ್ದುವ ಅಧಿಕಾರ ಅವನಿಗಿಲ್ಲ. ರಾಜ್ಯಶಾಸ್ತ್ರದ ಮಿತ್ರರು ಒಂದು ಗಂಟೆ ಪಾಠ ಹೇಳುವ ತತ್ತ್ವವನ್ನು ಲಿನಕ್ಸು ಮೂರು ಅಂಕೆಗಳಲ್ಲಿ ಬರೆದು ಮುಗಿಸುತ್ತದೆ: ಕೋಶಕ್ಕೆ ೭೭೦ ಇದ್ದುದು ೭೫೦ ಆಗುತ್ತದೆ, ನಿಯಮದ ಕಡತಕ್ಕೆ ೬೪೦.

ಇದಾದ ಮೇಲೆ, ಕಂಪ್ಯೂಟರು ಎದ್ದಾಗಲೆಲ್ಲ ಕುಲುಮೆಯೂ ತಾನಾಗಿ ಏಳುವಂತೆ ‘ಸಿಸ್ಟಮ್‌ಡಿ’ ಎಂಬ ಮೇಲ್ವಿಚಾರಕನಿಗೆ ಒಂದು ಚೀಟಿ ಬರೆದಿಡಬೇಕು. ಬರೆದನು. ಕುಲುಮೆ ಏಳಲಿಲ್ಲ.

‘ಸಾರ್, ಏಳ್ತಾನೇ ಇಲ್ಲ. ಮೊದಲಿಂದ ಮಾಡ್ಲಾ?’

‘ಏಕೆ ಏಳಲಿಲ್ಲವೆಂದು ಅದು ಎಲ್ಲಿಯೂ ಬರೆದಿಡುವುದಿಲ್ಲವೇನಪ್ಪಾ?’

ಬರೆದಿಟ್ಟಿತ್ತು. ಲಿನಕ್ಸು ದಿನಚರಿ ಇಡುವುದರಲ್ಲಿ ಪ್ರಾಮಾಣಿಕ. ಭಂಡಾರದ ಕೋಶವನ್ನು ರೂಟನ ಹೆಸರಿನಲ್ಲಿ ತೆರೆದವನು ಅದನ್ನು ಆಳಿನ ಹೆಸರಿಗೆ ವರ್ಗಾಯಿಸಿರಲಿಲ್ಲ. ‘ಅನುಮತಿ ಇಲ್ಲ’ ಎಂಬ ಸಾಲು ದಿನಚರಿಯ ಕೊನೆಯಲ್ಲೇ ಇತ್ತು. ಖಾತೆ ಬದಲಾವಣೆಯಾಗದ ಜಮೀನಿನಲ್ಲಿ ಉಳಲು ಹೋದಂತಾಗಿತ್ತು. ಒಂದು ಸಾಲಿನಲ್ಲಿ ಅದು ಸರಿಹೋಯಿತು. ೩೦೦೦ ಎಂಬ ಸಂಖ್ಯೆಯ ಬಾಗಿಲಲ್ಲಿ ಸ್ಥಾಪನೆಯ ಪುಟ ತೆರೆದುಕೊಂಡಿತು.

ಆ ಪುಟದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಎರಡು ಮುಖ್ಯ. ಖಾತೆಗಳ ವಿವರ, ಚರ್ಚೆ ಮೊದಲಾದುವನ್ನು ಯಾವ ದತ್ತಸಂಚಯದಲ್ಲಿಡಬೇಕೆಂಬುದು ಮೊದಲನೆಯದು. ನೂರಾರು ಜನ ಒಮ್ಮೆಗೇ ನುಗ್ಗುವಲ್ಲಿ ‘ಪೋಸ್ಟ್‌ಗ್ರೆಸ್’ನಂಥ ದೊಡ್ಡದು ಬೇಕು, ನಮ್ಮ ಇಪ್ಪತ್ತು ಮೂವತ್ತು ಮಂದಿಗೆ ಒಂದೇ ಕಡತದಲ್ಲಿ ಸಂಸಾರ ಮಾಡುವ ‘ಎಸ್‌ಕ್ಯೂಲೈಟ್’ ಧಾರಾಳ. ಎರಡನೆಯ ಪ್ರಶ್ನೆ, ದಾರಿಹೋಕರು ತಾವೇ ಖಾತೆ ತೆರೆಯಬಹುದೇ ಎಂಬುದು. ಬೇಡವೆಂದೆವು. ಲೋಕಕ್ಕೆ ತೆರೆದಿಟ್ಟ ಕುಲುಮೆಗಳಿಗೆ ಜಾಹೀರಾತಿನ ಯಂತ್ರಮಾನವರು ಇರುವೆಯಂತೆ ಮುತ್ತಿ, ಬೊಕ್ಕತಲೆಗೆ ಕೂದಲು ತರಿಸುವ ಎಣ್ಣೆಯಿಂದ ಹಿಡಿದು ಜೂಜಿನವರೆಗೆ ಎಲ್ಲವನ್ನೂ ತಂದು ಸುರಿಯುತ್ತಾರೆ.

ಇನ್ನೊಂದು ತೀರ್ಮಾನವನ್ನೂ ಹೇಳಬೇಕು. ನಮ್ಮ ಕುಲುಮೆಯನ್ನು ಕಾಲೇಜಿನ ಆವರಣದಾಚೆಗೆ ತೆರೆಯಲೇ ಇಲ್ಲ. ಸಾಮಾನ್ಯ ಅಂತರ್ಜಾಲ ಸಂಪರ್ಕದಲ್ಲಿ ನೂರಾರು ಗ್ರಾಹಕರಿಗೆ ಸೇರಿ ಒಂದೇ ವಿಳಾಸ ಕೊಟ್ಟಿರುತ್ತಾರೆ. ಹೊರಗಿನಿಂದ ಯಾರೂ ನೇರವಾಗಿ ನಮ್ಮ ಬಾಗಿಲು ತಟ್ಟಲಾರರು. ಸ್ಥಿರ ವಿಳಾಸ ಬೇಕಾದರೆ ಬೇರೆ ಹಣ, ಬೇರೆ ಕಾವಲು. ಹಾಗಾದರೆ ಉಯ್ಯಂಬಳ್ಳಿಯ ಹುಡುಗಿ ಭಾನುವಾರ ಮನೆಯಲ್ಲಿ ಕುಳಿತು ಕೆಲಸ ಮಾಡುವುದು ಹೇಗೆಂದರೆ, ಅದಕ್ಕೇ ಗಿಟ್ ಇರುವುದು. ಅವಳ ಯಂತ್ರದಲ್ಲಿರುವುದು ಇಂದಿನ ಪಾಠವೊಂದೇ ಅಲ್ಲ, ಮೊದಲ ದಿನದಿಂದ ಇಂದಿನವರೆಗಿನ ಇಡೀ ಇತಿಹಾಸ. ಜಾಲವಿಲ್ಲದೆಯೇ ಅಜ್ಜಿಯ ಪಕ್ಕದಲ್ಲಿ ಕುಳಿತು ಕಮಿಟ್ ಮಾಡಿ, ಸೋಮವಾರ ಕಾಲೇಜಿಗೆ ಬಂದು ಒಪ್ಪಿಸುತ್ತಾಳೆ. ಒಪ್ಪಿಸುವಾಗ ಗುಪ್ತಪದ ಬೇಡ. ಪ್ರತಿಯೊಬ್ಬರಿಗೂ ಒಂದು ಬೀಗ, ಒಂದು ಕೀಲಿ. ಬೀಗದ ಮಾದರಿಯನ್ನು ಕುಲುಮೆಗೆ ಕೊಟ್ಟು ಕೀಲಿಯನ್ನು ತಾವೇ ಇಟ್ಟುಕೊಳ್ಳುತ್ತಾರೆ. ಲೋಕಕ್ಕೆ ತೋರಿಸಬೇಕಾದ್ದನ್ನು ನಮ್ಮ ಕುಲುಮೆ ಕನ್ನಡಿ ಹಿಡಿದಂತೆ ಕೋಡ್‌ಬರ್ಗಿನ ಕುಲುಮೆಗೆ ತಾನೇ ಕಳುಹಿಸುತ್ತದೆ. ಆ ಕನ್ನಡಿ ಒಡೆದರೂ ಮುಖಕ್ಕೆ ಅಪಾಯವಿಲ್ಲ.

ಗಣಿತದ ಹಿರಿಯರು ಇಲ್ಲಿ ಒಂದು ಸರಿಯಾದ ಪ್ರಶ್ನೆ ಹಾಕಿದರು: ‘ಎಲ್ಲರ ಬಳಿಯೂ ಪೂರ್ತಿ ಪ್ರತಿ ಇರುವುದಾದರೆ ಕು‌ಲುಮೆಯೇ ಏತಕ್ಕೆ, ಸ್ವಾಮಿ?’ ಉತ್ತರವಿದೆ. ಗಿಟ್ ಕಾಯುವುದು ಬರಹವನ್ನು. ಬರಹದ ಸುತ್ತಲಿನ ವಾದವನ್ನಲ್ಲ. ‘ಜ್ವರ’ದ ಅರ್ಥ ಏಕೆ ಹೀಗಿರಬೇಕೆಂದು ಐವರು ಮಾಡಿದ ಚರ್ಚೆ, ಒಬ್ಬಳ ಆಕ್ಷೇಪ, ಇನ್ನೊಬ್ಬನ ಸಮಾಧಾನ — ಇವು ಕುಲುಮೆಯ ದತ್ತಸಂಚಯದಲ್ಲಿರುತ್ತವೆ, ಮನೆಮನೆಗೆ ಹೋಗುವ ಪ್ರತಿಯಲ್ಲಿ ಇರುವುದಿಲ್ಲ. ದೊಡ್ಡ ಕುಲುಮೆಯಿಂದ ಹೊರಬೀಳುವವರು ಸಾಮಾನ್ಯವಾಗಿ ಕಳೆದುಕೊಳ್ಳುವುದು ಇದನ್ನೇ. ಓಲೆಗರಿಯ ಅಂಚಿನಲ್ಲಿ ಬರೆದ ಟಿಪ್ಪಣಿ ಕೆಲವೊಮ್ಮೆ ಪದ್ಯಕ್ಕಿಂತ ಬೆಲೆಬಾಳುತ್ತದೆಂಬುದನ್ನು ನಮ್ಮವರಿಗೆ ಹೇಳಬೇಕಾದ್ದಿಲ್ಲ.

ಆದ್ದರಿಂದ ಪ್ರತಿರಾತ್ರಿ ಎಲ್ಲವನ್ನೂ, ಅಂದರೆ ಭಂಡಾರ, ಚರ್ಚೆ, ನಿಯಮ ಇಷ್ಟನ್ನೂ, ಒಂದೇ ಗಂಟು ಕಟ್ಟಿ ಬೇರೊಂದು ಡಿಸ್ಕಿಗೆ ಹಾಕುವ ಏರ್ಪಾಡಿದೆ. ಗಂಟು ಕಟ್ಟಲು ಒಂದೇ ಅಪ್ಪಣೆ ಸಾಕು. ಬಿಚ್ಚಿ ಮತ್ತೆ ಸಂಸಾರ ಹೂಡಲು ಹಾಗಲ್ಲ, ಒಂದೊಂದನ್ನೂ ಕೈಯಿಂದ ಅದರದರ ಜಾಗಕ್ಕೆ ಸೇರಿಸಬೇಕು. ಹಾಗಾಗಿ ಇನ್ನೊಂದು ಕಂಪ್ಯೂಟರಿನ ಮೇಲೆ ಒಮ್ಮೆ ಬಿಚ್ಚಿ ನೋಡಬೇಕೆಂದು ಹಟ ಹಿಡಿದೆ. ಅದಕ್ಕೆ ಒಂದು ಇಡೀ ಶನಿವಾರ ಹಿಡಿಯಿತು. ಹುಡುಗನಿಗೆ ಬೇಸರವಾದರೂ, ಆ ಶನಿವಾರದ ಹೆಜ್ಜೆಗಳನ್ನೆಲ್ಲ ಅವನೇ ಕನ್ನಡದಲ್ಲಿ ಬರೆದು ಕುಲುಮೆಯಲ್ಲೇ ಇಟ್ಟಿದ್ದಾನೆ. ಒಂದು ಮುದ್ರಿತ ಪ್ರತಿ ಬೀರುವಿನಲ್ಲಿಯೂ ಇದೆ, ಏಕೆಂದರೆ ಕುಲುಮೆ ಕೆಟ್ಟ ದಿನ ಕುಲುಮೆಯೊಳಗಿನ ಕಾಗದ ಓದಲಾಗದು.

ಸ್ವಂತ ಕುಲುಮೆ ಎಲ್ಲರಿಗೂ ಬೇಕೆಂದು ನಾನು ಹೇಳಲಾರೆ. ತಂತ್ರಾಂಶಕ್ಕೆ ಕಾಸಿಲ್ಲ, ಆದರೆ ತಿದಿ ಒತ್ತುವವನು ಬೇಕು. ತಿಂಗಳಿಗೊಮ್ಮೆಯಾದರೂ ಹೊಸ ತಿದ್ದುಪಡಿಗಳನ್ನು ಹಾಕದಿದ್ದರೆ ಕಳ್ಳಕಿಂಡಿಗಳು ತೆರೆದುಕೊಳ್ಳುತ್ತವೆ. ಕರೆಂಟು ಹೋದಾಗ ಯುಪಿಎಸ್ ಎಷ್ಟು ಹೊತ್ತು ತಡೆದೀತೆಂಬ ಚಿಂತೆ ಬೇರೆ. ಒಬ್ಬನೇ ಕುಳಿತು ಬರೆಯುವವನಿಗೆ ದೊಡ್ಡ ಕುಲುಮೆಯೇ ಸುಖ. ಆದರೆ ವರ್ಷವರ್ಷವೂ ಮಂದಿ ಬದಲಾಗುತ್ತ, ಸರಕು ಮಾತ್ರ ನಿಲ್ಲಬೇಕಾದ ಸ್ಥಳಗಳಿವೆ: ಕಾಲೇಜು, ಗ್ರಂಥಾಲಯ, ಸಂಘ. ಅಲ್ಲಿ ಖಾತೆ ವ್ಯಕ್ತಿಯ ಹೆಸರಿನಲ್ಲಿರಬಾರದು.

‘ಜ್ವರ’ದ ನಮೂದಿನಲ್ಲಿ ಈಗ ಏಳು ಕಮಿಟ್‌ಗಳಿವೆ. ತಪ್ಪು ಅರ್ಥವನ್ನೂ ಅಳಿಸಿಲ್ಲ. ಅದು ಎರಡನೆಯ ಕಮಿಟ್ ಆಗಿ ಹಾಗೆಯೇ ನಿಂತಿದೆ. ಮೂರನೆಯದರಲ್ಲಿ ಉಯ್ಯಂಬಳ್ಳಿಯ ಹುಡುಗಿ ಕಾರಣ ಬರೆದಿದ್ದಾಳೆ: ‘ನಮ್ಮಜ್ಜಿಯನ್ನು ಕೇಳಿದೆ. ರೋಗವಲ್ಲ. ಜ್ವರ ಬಂದಾಗ ಸೊಪ್ಪು ಹಾಕಬಾರದು.’ ಇತ್ತೀಚೆಗೆ ನಾಲ್ಕನೆಯ ಜ್ವರಕ್ಕೆ ತಮ್ಮ ಮನೆಯಲ್ಲಿ ಬೇರೊಂದು ಹೆಸರಿದೆಯೆಂದು ಸಾತನೂರಿನ ಹುಡುಗನೊಬ್ಬ ವಾದ ಹೂಡಿದ್ದಾನೆ. ಅವನ ಸೋದರತ್ತೆಯ ಸಾಕ್ಷ್ಯ ಬರುವತನಕ ಆ ಚರ್ಚೆ ತೆರೆದೇ ಇದೆ.

ಕೋಡಿಹಳ್ಳಿಯ ಹುಡುಗ ಈ ಮೇ ತಿಂಗಳಿಗೆ ಓದು ಮುಗಿಸಿ ಹೊರಡುತ್ತಾನೆ. ಕುಲುಮೆಯ ಆಡಳಿತದ ಖಾತೆ ವಿಭಾಗದ ಹೆಸರಿನಲ್ಲಿದೆ. ರೂಟನ ಗುಪ್ತಪದವನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಹಾಜರಿ ಪುಸ್ತಕಗಳಿರುವ ಬೀರುವಿನ ಮೇಲಿನ ಅರೆಯಲ್ಲಿಟ್ಟಿದ್ದೇವೆ. ಎರಡನೆಯ ವರ್ಷದ ಉಯ್ಯಂಬಳ್ಳಿಯ ಹುಡುಗಿ ಈಗಾಗಲೇ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಈ ತಿಂಗಳ ತಿದ್ದುಪಡಿಗಳನ್ನು ತಾನೇ ಹಾಕುತ್ತೇನೆಂದು ಕೂತಿದ್ದಾಳೆ.